ಎಐ ಬಿಲ್ ಓದೋ ಕಾಲದಲ್ಲಿ ಆಫೀಸ್ ಸಾಫ್ಟ್‌ವೇರ್ ಡಿಸೈನ್ ಮಾಡೋದು ಹೇಗೆ

ಆಫೀಸ್ ಸಾಫ್ಟ್‌ವೇರ್‌ನ ಡಿಸೈನ್ ಮುಂದೆ ಏನಾಗುತ್ತೆ ಅಂತ ಯಾರನ್ನಾದ್ರೂ ಕೇಳಿ ನೋಡಿ, ಸುಮಾರು ಜನ ಒಂದು ಚಾಟ್ ಬಾಕ್ಸ್ ತೋರಿಸ್ತಾರೆ. ಮೆನು ಇರಲ್ಲ, ಫಾರ್ಮ್ ಇರಲ್ಲ, ಏನು ಬೇಕೋ ಹೇಳಿದ್ರೆ ಸಾಕು ಎಐ ಮಾಡ್ಕೊಡುತ್ತೆ ಅಂತ. ನಾನು ಎಷ್ಟೋ ವರ್ಷದಿಂದ ಅಕೌಂಟ್ಸ್, ಸ್ಟೋರ್ಸ್, ಗೋಡೌನ್ ಇಂಥಾ ಕಡೆ ಬಳಸೋ ಸಾಫ್ಟ್‌ವೇರ್‌ಗೆ ಸ್ಕ್ರೀನ್ ಮಾಡ್ಕೊಂಡು ಬಂದಿದೀನಿ, ನನಗೆ ಕಂಡಿರೋ ಮಟ್ಟಿಗೆ ಮುಂದಿನ ನಿಜವಾದ ಕೆಲಸ ಇರೋದು ಬೇರೆ ಕಡೆ: ಯಂತ್ರ ಅರ್ಧ ಕೆಲಸ ಮಾಡಿಟ್ಟಾಗ ಅದನ್ನ ಪರೀಕ್ಷೆ ಮಾಡೋಕೆ, ತಿದ್ದೋಕೆ, ಬೇಡ ಅನ್ನೋಕೆ ಅಲ್ಲಿ ಕೂತಿರೋ ಮನುಷ್ಯರಿಗೆ ಜಾಗ ಮಾಡ್ಕೊಡೋದು. ಈ ಕಡೆಗೆ ಹೊಸದಾಗಿ ಬರ್ತಿರೋ ಡಿಸೈನರ್‌ಗಳಿಗೆ ಅದನ್ನ ಹೇಗೆ ಮಾಡೋದು ಅಂತ ಒಂದೇ ಒಂದು ಸ್ಕ್ರೀನ್ ಇಟ್ಕೊಂಡು ಹೇಳ್ತೀನಿ.

ಆ ಸ್ಕ್ರೀನ್ ಪರ್ಚೇಸ್ ಬಿಲ್ ಎಂಟ್ರಿ. ಪೀಣ್ಯದ ಸಣ್ಣ ಫ್ಯಾಕ್ಟರಿಯಿಂದ ಹಿಡಿದು ದೊಡ್ಡ ಕಂಪನಿವರೆಗೂ ಇದು ಇದ್ದೇ ಇರುತ್ತೆ. ಸಪ್ಲೈಯರ್ ಮಾಲು ಕಳಿಸ್ತಾನೆ, ಜೊತೆಗೆ ಬಿಲ್ ಬರುತ್ತೆ, ಅದು ಒಂದೊಂದ್ ಸಲ ಇಮೇಲಲ್ಲಿ ಪಿಡಿಎಫ್, ಒಂದೊಂದ್ ಸಲ ವಾಟ್ಸಾಪಲ್ಲಿ ಸೊಟ್ಟಗೆ ತೆಗೆದ ಫೋಟೋ, ಒಂದೊಂದ್ ಸಲ ಲಾರಿ ಡ್ರೈವರ್ ಜೇಬಲ್ಲಿ ಮಡಚಿ ಬೆವರಲ್ಲಿ ನೆಂದ ಕಾಗದ. ಅದ್ರಲ್ಲಿರೋ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಕು, ಮಾಲಿನ ಲೆಕ್ಕ, ತೆರಿಗೆ ಎಲ್ಲ ಸಿಸ್ಟಮ್‌ಗೆ ಹತ್ತಿಸ್ಬೇಕು. ಇದನ್ನ ಎಐ ಓದ್ಬಿಡುತ್ತೆ ಅಂತ ಈಗ ಎಲ್ಲಾ ಕಂಪನಿಗಳೂ ಮಾರ್ತಿವೆ, ಓದುತ್ತೆ ಕೂಡ, ಸುಮಾರು ಚೆನ್ನಾಗೇ ಓದುತ್ತೆ. ತೊಂದ್ರೆ ಶುರುವಾಗೋದೇ ಆ "ಸುಮಾರು" ಅನ್ನೋ ಮಾತಿಂದ.

ಮೊದ್ಲು ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ

ಫಿಗ್ಮಾ (ಸ್ಕ್ರೀನ್ ಬಿಡಿಸೋ ಸಾಫ್ಟ್‌ವೇರ್) ತೆಗೆಯೋಕೆ ಮುಂಚೆ ಎರಡು ದಿನ ಬಿಲ್ ಎಂಟ್ರಿ ಮಾಡೋರ ಪಕ್ಕ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ, ಮೀಟಿಂಗ್ ರೂಮಿಗೆ ಕರೆದು ಇಂಟರ್ವ್ಯೂ ಮಾಡ್ಬೇಡಿ. ರೂಮಲ್ಲಿ ಕೂರ್ಸಿ ಕೇಳಿದ್ರೆ ಅವ್ರು ಕೆಲಸ ಹೇಗೆ ನಡೀಬೇಕೋ ಅದನ್ನ ಹೇಳ್ತಾರೆ, ಹೇಗೆ ನಡೀತಿದೆ ಅನ್ನೋದು ಮೇಜಿನ ಹತ್ರನೇ ಕಾಣೋದು. ಯಾವ ದಿನ ಹೋಗ್ಬೇಕು ಅನ್ನೋದೂ ಮುಖ್ಯ. ತಿಂಗಳ ಜಿಎಸ್‌ಟಿ ರಿಟರ್ನ್ ಹಾಕೋ ಕಂಪನಿ ಆದ್ರೆ 11ಕ್ಕೆ ಜಿಎಸ್‌ಟಿಆರ್-1 ಅಂದ್ರೆ ತಾವು ಮಾರಿದ ಬಿಲ್ಲುಗಳ ಪಟ್ಟಿ ಹಾಕ್ಬೇಕು, 14ಕ್ಕೆ 2ಬಿ ಅಂದ್ರೆ ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳ ಪಟ್ಟಿ ಬರುತ್ತೆ, 20ಕ್ಕೆ 3ಬಿ ಅಂದ್ರೆ ತಿಂಗಳ ಒಟ್ಟು ಲೆಕ್ಕ ಹಾಕಿ ತೆರಿಗೆ ಕಟ್ಬೇಕು, ಹಾಗಾಗಿ ಒಂದು ದಿನ ತಿಂಗಳ ಮೊದಲ ವಾರ ಆರಾಮಾಗಿರೋ ದಿನ, ಇನ್ನೊಂದು ದಿನ 14ರಿಂದ 20ರ ನಡುವೆ ಎಲ್ರೂ ತಲೆ ಕೆಡಿಸ್ಕೊಂಡಿರೋ ದಿನ. ಎರಡು ದಿನದಲ್ಲಿ ನೀವು ನೋಡೋದು ಎರಡು ಬೇರೆ ಬೇರೆ ಆಫೀಸು ಅನ್ಕೊಳ್ಳಿ.

ಮೊದಲ ಒಂದು ಗಂಟೆ ಏನೂ ಕೇಳ್ಬೇಡಿ. ಮಾನಿಟರ್ ಅಂಚಿಗೆ ಏನೇನು ಚೀಟಿ ಅಂಟಿಸಿದಾರೆ, ಕ್ಯಾಲ್ಕುಲೇಟರ್ ಯಾವಾಗ ಕೈಗೆ ಬರುತ್ತೆ, ಯಾವ ಬಿಲ್ ಬಂದಾಗ ಫೋನ್ ಎತ್ತುತಾರೆ, ಯಾವ ಬಿಲ್ ಪಕ್ಕಕ್ಕೆ ಎತ್ತಿಡ್ತಾರೆ, ಇಷ್ಟು ಬರ್ಕೊಳ್ಳಿ. ನಾನು ಹೀಗೆ ಕೂತಿದ್ದ ಒಂದು ಕಡೆ ಅಕೌಂಟ್ಸ್ ನೋಡ್ಕೊಳ್ತಿದ್ದ ಅಕ್ಕ ಒಬ್ರು ಪ್ರತಿ ಬಿಲ್ ಎಂಟ್ರಿ ಆದ್ಮೇಲೆ ಸ್ಕ್ರೀನಲ್ಲಿ ಬಂದ ಟೋಟಲ್ ನೋಡಿ, ಕಾಗದದ ಮೇಲಿನ ಟೋಟಲ್ ನೋಡಿ, ಅದ್ರ ಪಕ್ಕ ಪೆನ್ಸಿಲಲ್ಲಿ ಒಂದು ಸಣ್ಣ ಟಿಕ್ ಹಾಕ್ತಿದ್ರು. ಟಿಕ್ ಇಲ್ಲದ ಬಿಲ್ ಫೈಲಿಗೆ ಹೋಗ್ತಿರ್ಲಿಲ್ಲ. ಯಾಕಕ್ಕಾ ಪೆನ್ಸಿಲ್ ಅಂತ ಕೇಳಿದ್ದಕ್ಕೆ "ಪೆನ್ನಲ್ಲಿ ಹಾಕಿದ್ರೆ ಸಾಹೇಬ್ರು ಸೈನ್ ಮಾಡಿದ ಹಾಗೆ ಕಾಣುತ್ತಪ್ಪ, ಇದು ನಾನು ನೋಡಿದೀನಿ ಅನ್ನೋಕೆ ನನಗೆ ಅಷ್ಟೇ" ಅಂದ್ರು. ಅವ್ರ ಹತ್ರ ಒಂದು ನೋಟ್‌ಬುಕ್ಕೂ ಇತ್ತು, ಯಾವ ಸಪ್ಲೈಯರ್ ಟೈಮಿಗೆ ರಿಟರ್ನ್ ಹಾಕಲ್ಲ ಅಂತ ಅದ್ರಲ್ಲಿ ಬರ್ದಿಡ್ತಿದ್ರು, ಯಾಕಂದ್ರೆ ಅವನು ಹಾಕ್ಲಿಲ್ಲ ಅಂದ್ರೆ ಇವ್ರ 2ಬಿಯಲ್ಲಿ ಆ ಬಿಲ್ ಬರಲ್ಲ, ಬರ್ಲಿಲ್ಲ ಅಂದ್ರೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗಲ್ಲ. ಆ ಟಿಕ್ಕು ಮತ್ತೆ ಆ ನೋಟ್‌ಬುಕ್ಕು ಎರಡೂ ನಮ್ಮ ರಿಕ್ವೈರ್ಮೆಂಟ್ ಡಾಕ್ಯುಮೆಂಟಲ್ಲಿ ಎಲ್ಲೂ ಇರ್ಲಿಲ್ಲ. ನಿಮ್ಮ ಕಡೆಯೂ ಇರಲ್ಲ, ಹುಡುಕ್ಕೊಂಡು ಬನ್ನಿ.

ಕೈ ನಂಬರ್ ಪ್ಯಾಡ್ ಬಿಟ್ಟು ಏಳ್ಬಾರ್ದು

ಬಿಲ್ ಎಂಟ್ರಿ ಮಾಡೋರು ಸ್ಕ್ರೀನ್ ನೋಡಲ್ಲ, ಕಾಗದ ನೋಡ್ತಾರೆ. ಎಡಗೈ ಬಿಲ್ಲಿನ ಮೇಲೆ, ಬಲಗೈ ನಂಬರ್ ಪ್ಯಾಡ್ ಮೇಲೆ. ಟ್ಯಾಲಿ ಅನ್ನೋ ಅಕೌಂಟಿಂಗ್ ಸಾಫ್ಟ್‌ವೇರ್ ಇಷ್ಟು ವರ್ಷ ಯಾಕೆ ಉಳೀತು ಅಂತ ಅರ್ಥ ಮಾಡ್ಕೊಳ್ಳೋಕೆ ಇದು ಸಾಕು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ, ಮಗ ಭರತ್ ಗೋಯೆಂಕಾ ಶುರು ಮಾಡಿದ್ದು ಅದು, ನಮ್ಮ ಬೆಂಗಳೂರಲ್ಲೇ ನೆಲೆ ಇರೋ ಕಂಪನಿ. ಎಫ್5 ಒತ್ತಿದ್ರೆ ಪೇಮೆಂಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್, ಎಂಟರ್ ಒತ್ತಿದ್ರೆ ಮುಂದಿನ ಖಾನೆ, ಕಂಟ್ರೋಲ್ ಎ ಒತ್ತಿದ್ರೆ ಸೇವ್. ನೋಡೋಕೆ ಸಾದಾ ಅನ್ನಿಸ್ಬೋದು, ಆದ್ರೆ ದಿನಾ ನೂರು ಬಿಲ್ ಹೊಡೆಯೋರಿಗೆ ಬೆರಳಲ್ಲೇ ಕೂತಿರುತ್ತೆ ಅದು. ನಮ್ಮ ಟೀಮ್ ಮಾಡಿದ ಮೊದಲ ವರ್ಷನ್ನಲ್ಲಿ ದೊಡ್ಡ ದೊಡ್ಡ ಕಾರ್ಡು, ಡ್ರಾಪ್‌ಡೌನು, ತುಂಬಾ ಖಾಲಿ ಜಾಗ ಎಲ್ಲ ಇತ್ತು, ಡೆಮೋ ನೋಡಿದ ಮ್ಯಾನೇಜರ್‌ಗಳಿಗೆ ತುಂಬಾ ಇಷ್ಟ ಆಯ್ತು, ಎಂಟ್ರಿ ಮಾಡೋರು ಮಾತ್ರ ಒಂದೊಂದು ಖಾನೆಗೂ ಮೌಸ್ ಹಿಡೀಬೇಕಾಗಿ ಮೊದಲಿಗಿಂತ ನಿಧಾನ ಆದ್ರು.

ಹಾಗಾಗಿ ಎಐ ಇರೋ ಸ್ಕ್ರೀನ್ ಆದ್ರೂ ಮೊದ್ಲು ಎಐ ಇಲ್ದೇನೇ ಪೂರ್ತಿ ಕೀಬೋರ್ಡಲ್ಲಿ ಓಡೋ ಹಾಗೆ ಮಾಡಿ. ಎಂಟರ್ ಮುಂದಕ್ಕೆ, ಎಸ್ಕೇಪ್ ಹಿಂದಕ್ಕೆ, ಖಾನೆಗಳ ಕ್ರಮ ಕಾಗದದ ಮೇಲೆ ಕಣ್ಣು ಹೋಗೋ ಕ್ರಮದಲ್ಲಿ. ಕೀ ಒತ್ತಿದ್ಮೇಲೆ ಹತ್ತನೇ ಒಂದು ಸೆಕೆಂಡಿನೊಳಗೆ ಅಕ್ಷರ ಕಾಣ್ಲೇಬೇಕು, ಅದಕ್ಕಿಂತ ತಡ ಆದ್ರೆ ಮನುಷ್ಯರಿಗೆ ಸಿಸ್ಟಮ್ ಎಳೀತಿದೆ ಅನ್ಸೋಕೆ ಶುರುವಾಗುತ್ತೆ. ಆಮೇಲೆ ಎಐ ಬಂದಾಗ ಒಂದು ನಿಯಮ ಕಲ್ಲಿನ ಮೇಲೆ ಕೆತ್ತಿದ ಹಾಗೆ ಇಟ್ಕೊಳ್ಳಿ: ಮನುಷ್ಯ ಮುಟ್ಟಿದ ಖಾನೆಯನ್ನ ಯಂತ್ರ ಮತ್ತೆ ಮುಟ್ಟಬಾರ್ದು. ಇದು ಯಾಕೆ ಹೇಳ್ತೀನಿ ಅಂದ್ರೆ ಎಐ ಬಿಲ್ ಓದೋಕೆ ನಾಲ್ಕೈದು ಸೆಕೆಂಡ್ ತಗೊಳ್ಳುತ್ತೆ, ಅಷ್ಟರಲ್ಲಿ ಕೈ ಚುರುಕಿರೋರು ಬಿಲ್ ನಂಬರ್ ಹೊಡೆದು ತಾರೀಕಿಗೆ ಹೋಗಿರ್ತಾರೆ, ಆಗ ತಡವಾಗಿ ಬಂದ ಎಐ ಉತ್ತರ ಅವ್ರು ಹೊಡೆದಿದ್ದನ್ನ ಅಳಿಸಿ ತನ್ನದು ತುಂಬಿದ್ರೆ ಅವ್ರಿಗೆ ಗೊತ್ತೇ ಆಗಲ್ಲ, ಕಣ್ಣು ಕಾಗದದ ಮೇಲಿದೆ. ಕರ್ಸರನ್ನೂ ಎಳ್ಕೊಂಡು ಹೋಗ್ಬಾರ್ದು. ತಡವಾಗಿ ಬಂದಿದ್ದು ಬೇರೆ ಇದ್ರೆ ಖಾನೆ ಕೆಳಗೆ "ಬಿಲ್ಲಲ್ಲಿ 1047 ಅಂತ ಕಾಣ್ತಿದೆ" ಅಂತ ಒಂದು ಸಾಲು ತೋರಿಸಿ, ಸಾಕು.

ಲೆಕ್ಕದಿಂದ ಗೊತ್ತಾಗೋದು ಬೇರೆ, ಅಂದಾಜು ಬೇರೆ

ಇದು ನನ್ನ ಪ್ರಕಾರ ಈ ಇಡೀ ಕೆಲಸದ ತಿರುಳು, ಸ್ವಲ್ಪ ನಿಧಾನವಾಗಿ ಓದಿ.

ಬಿಲ್ಲಿನ ಮೇಲಿರೋ ವಿಷಯದಲ್ಲಿ ಸುಮಾರಿಗೆ ಎಐ ಬೇಕಾಗೇ ಇಲ್ಲ. ವರ್ಷಕ್ಕೆ 5 ಕೋಟಿ ಮೀರಿ ವ್ಯಾಪಾರ ಇರೋರಿಗೆ 2023ರ ಆಗಸ್ಟ್ 1ರಿಂದ ಬೇರೆ ವ್ಯಾಪಾರಿಗಳಿಗೆ ಕೊಡೋ ಬಿಲ್ಲು ಇ-ಇನ್ವಾಯ್ಸ್ (ಸರ್ಕಾರದ ಪೋರ್ಟಲ್ಲಲ್ಲಿ ನೋಂದಾಯಿಸಿದ ಬಿಲ್) ಆಗಿರೋದು ಕಡ್ಡಾಯ ಆಗಿದೆ, ಆ ಬಿಲ್ ಮೇಲೆ ಒಂದು ಕ್ಯೂಆರ್ ಕೋಡ್ ಇರುತ್ತೆ. ಅದ್ರೊಳಗೆ ಕೊಟ್ಟೋರ ಜಿಎಸ್‌ಟಿ ನಂಬರ್, ತಗೊಂಡೋರ ನಂಬರ್, ಬಿಲ್ ನಂಬರ್, ತಾರೀಕು, ಒಟ್ಟು ಮೊತ್ತ, ಎಷ್ಟು ಐಟಮ್, ಮುಖ್ಯ ಮಾಲು ಯಾವ ಬಗೆಯದು ಅಂತ ಹೇಳೋ ಎಚ್‌ಎಸ್‌ಎನ್ ಕೋಡ್, ಆ ಬಿಲ್ಲಿಗೇ ಅಂತ ಪೋರ್ಟಲ್ ಕೊಡೋ 64 ಅಕ್ಷರದ ಐಆರ್‌ಎನ್ ನಂಬರ್ ಇಷ್ಟೂ ಇದೆ, ಡಿಜಿಟಲ್ ಸಹಿ ಸಮೇತ. ಅದನ್ನ ಸ್ಕ್ಯಾನ್ ಮಾಡಿದ್ರೆ ಬರೋದು ಅಂದಾಜಲ್ಲ, ಪಕ್ಕಾ. ಹೀಗಿರ್ವಾಗ ಕ್ಯೂಆರ್ ಪಕ್ಕಕ್ಕಿಟ್ಟು ಇಡೀ ಫೋಟೋನ ಎಐಗೆ ಕಳಿಸಿ ಓದಪ್ಪ ಅನ್ನೋದು ಕೈಯಲ್ಲಿ ಹಣತೆ ಇಟ್ಕೊಂಡು ಕತ್ತಲಲ್ಲಿ ತಡಕಾಡಿದ ಹಾಗೆ. ನಾನು ನೋಡಿರೋ ಎಷ್ಟೋ ಪ್ರಾಡಕ್ಟ್‌ಗಳು ಇದನ್ನೇ ಮಾಡ್ತಿವೆ.

ಕ್ಯೂಆರ್ ಇಲ್ದಿದ್ರೂ ಲೆಕ್ಕ ಇದೆ. ಜಿಎಸ್‌ಟಿ ನಂಬರ್ 15 ಅಕ್ಷರ, ಮೊದಲ ಎರಡು ರಾಜ್ಯದ್ದು, ನಮ್ಮ ಕರ್ನಾಟಕಕ್ಕೆ 29, ಆಮೇಲಿನ ಹತ್ತು ಪ್ಯಾನ್, ಕೊನೆಯದು ಚೆಕ್ ಅಕ್ಷರ. ಎಐ ಸೊನ್ನೆನ ಓ ಅಂತ ಓದಿದ್ರೆ ಆ ಕೊನೆ ಅಕ್ಷರ ತಾಳೆ ಆಗಲ್ಲ, ತಕ್ಷಣ ಹಿಡೀಬೋದು. ಸಪ್ಲೈಯರ್ ನಂಬರ್ 29ರಿಂದ ಶುರುವಾಗಿ ಮಾಲು ಬೆಂಗಳೂರಿಗೇ ಬಂದಿದ್ರೆ ತೆರಿಗೆ ಸಿಜಿಎಸ್‌ಟಿ (ಕೇಂದ್ರದ್ದು), ಎಸ್‌ಜಿಎಸ್‌ಟಿ (ರಾಜ್ಯದ್ದು) ಅಂತ ಸಾಮಾನ್ಯವಾಗಿ ಸಮ ಸಮ ಒಡೆದಿರ್ಬೇಕು, ರಾಜ್ಯ ದಾಟೋ ಮಾಲಿನ ಐಜಿಎಸ್‌ಟಿ ಇದ್ರೆ ಏನೋ ಎಡವಟ್ಟಾಗಿರ್ಬಹುದು. ಮಾಲಿನ ಬೆಲೆ ಇಂಟು ದರ ಅಂದ್ರೆ ತೆರಿಗೆ ಬರ್ಬೇಕು, ಎಲ್ಲ ಕೂಡಿದ್ರೆ ಟೋಟಲ್ ಬರ್ಬೇಕು. ದರಕ್ಕೆ ತಾರೀಕೂ ನೋಡ್ಬೇಕು, 2025ರ ಸೆಪ್ಟೆಂಬರ್ 22ಕ್ಕೆ ದರ ಬದಲಾಗಿ 12 ಮತ್ತೆ 28ರಲ್ಲಿದ್ದ ಬಹುಪಾಲು ಮಾಲು 5ಕ್ಕೋ 18ಕ್ಕೋ ಬಂತಲ್ಲ, ಆ ವಾರದಲ್ಲಿ ಹಳೇ ತಾರೀಕಿನ ಬಿಲ್ಲು ಹೊಸ ತಾರೀಕಿನ ಬಿಲ್ಲು ಎರಡೂ ಒಂದೇ ಮೇಜಿನ ಮೇಲೆ ಇದ್ವು, ಹಳೇ ಬಿಲ್ಲಿನ 12 ಪರ್ಸೆಂಟನ್ನ ತಪ್ಪು ಅಂತ ಕೆಂಪು ಮಾಡೋ ಸಾಫ್ಟ್‌ವೇರ್ ಇದ್ರೆ ಅದನ್ನ ಬಳಸೋರ ಗತಿ ಏನು.

ಈಗ ಸ್ಕ್ರೀನಲ್ಲಿ ಮೂರು ತರ ಖಾನೆ ಮಾಡ್ಕೊಳ್ಳಿ. ಒಂದು, ಕ್ಯೂಆರಿಂದಲೋ ಲೆಕ್ಕದಿಂದಲೋ ಖಚಿತ ಆಗಿದ್ದು. ಎರಡು, ಎಐ ಓದಿದ್ದು ಆದ್ರೆ ಖಚಿತ ಮಾಡೋಕೆ ದಾರಿ ಇಲ್ಲದ್ದು, ಉದಾಹರಣೆಗೆ ಐಟಮ್ ಹೆಸರು, ಪಿಒ (ಪರ್ಚೇಸ್ ಆರ್ಡರ್) ನಂಬರ್. ಮೂರು, ಓದೋಕೆ ಆಗದೇ ಇದ್ದಿದ್ದು. ಮೂರನೇದನ್ನ ಖಾಲಿ ಬಿಡಿ. ಖಾಲಿ ಖಾನೆ ಕಣ್ಣಿಗೆ ಹೊಡೆಯುತ್ತೆ, ತಪ್ಪು ತುಂಬಿದ ಖಾನೆ ಸರಿಯಾದದ್ರ ತರಾನೇ ಕೂತಿರುತ್ತೆ. ಪ್ರಾಡಕ್ಟ್ ಮ್ಯಾನೇಜರ್‌ಗಳು ಖಾಲಿ ಬಿಟ್ರೆ ಎಐ ದಡ್ಡ ಅನ್ಸುತ್ತೆ ಅಂತಾರೆ, ಬಿಟ್ಕೊಡ್ಬೇಡಿ, ಜಗಳ ಆಡೋಕೆ ಯೋಗ್ಯವಾದ ವಿಷಯ ಇದು.

ಎರಡನೇ ತರದ ಖಾನೆ ಪಕ್ಕ "87% ವಿಶ್ವಾಸ" ಅಂತ ಹಾಕೋ ಚಾಳಿ ಇದೆ. 87 ನೋಡಿ ಆ ಅಕ್ಕ ಏನು ಮಾಡ್ಬೇಕು? 87ಕ್ಕೆ ನಂಬಿ 86ಕ್ಕೆ ಬಿಡಬೇಕಾ? ಅದ್ರ ಬದ್ಲು ಬಿಲ್ಲಿನ ಫೋಟೋದಲ್ಲಿ ಆ ಪದ ಎಲ್ಲಿದೆಯೋ ಅಷ್ಟು ತುಂಡನ್ನ ಕತ್ತರಿಸಿ ಖಾನೆ ಪಕ್ಕದಲ್ಲೇ ದೊಡ್ಡದಾಗಿ ತೋರಿಸಿ. ಕಣ್ಣು ಎಡದಿಂದ ಬಲಕ್ಕೆ ಒಂದು ಸಲ ಹೋದ್ರೆ ಹೌದಾ ಅಲ್ವಾ ಗೊತ್ತಾಗೋಗುತ್ತೆ. ಮೂರು ತರಕ್ಕೆ ಮೂರು ಬಣ್ಣ ಕೊಟ್ರೆ ಅಷ್ಟೇ ಸಾಕಾಗಲ್ಲ, ಕೆಂಪು ಹಸಿರು ಬೇರೆ ಮಾಡಿ ನೋಡೋಕಾಗದೇ ಇರೋರು ಎಲ್ಲಾ ಆಫೀಸಲ್ಲೂ ಇರ್ತಾರೆ, ಜೊತೆಗೆ ಒಂದು ಗುರುತೋ ಪದವೋ ಇರ್ಲಿ. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ ಇರ್ಬೇಕು ಅಂತ ಡಬ್ಲ್ಯುಸಿಎಜಿ (ಎಲ್ರೂ ಬಳಸೋ ಹಾಗೆ ಸ್ಕ್ರೀನ್ ಮಾಡೋಕೆ ಇರೋ ಅಂತರರಾಷ್ಟ್ರೀಯ ಮಾರ್ಗಸೂಚಿ) ಹೇಳುತ್ತೆ, ಆ ತಿಳಿ ಬೂದು ಅಕ್ಷರಗಳ ಮೋಹ ಬಿಟ್ಬಿಡಿ.

ಪೆನ್ಸಿಲ್ ಟಿಕ್ಕನ್ನ ಕಳ್ಕೋಬೇಡಿ

1983ರಲ್ಲಿ ಲಿಸಾನ್ ಬೈನ್‌ಬ್ರಿಜ್ ಅನ್ನೋ ಮನಶ್ಶಾಸ್ತ್ರಜ್ಞೆ ಫ್ಯಾಕ್ಟರಿ ಕಂಟ್ರೋಲ್ ರೂಮುಗಳ ವಿಷಯದಲ್ಲಿ ಒಂದು ಮಾತು ಹೇಳಿದ್ರು: ಸುಲಭದ ಕೆಲಸ ಎಲ್ಲ ಯಂತ್ರಕ್ಕೆ ಕೊಟ್ರೆ ಮನುಷ್ಯರಿಗೆ ಕಷ್ಟದ್ದು ಮಾತ್ರ ಉಳಿಯುತ್ತೆ, ಆದ್ರೆ ದಿನಾ ಮಾಡೋ ಅಭ್ಯಾಸ ತಪ್ಪಿರೋದ್ರಿಂದ ಆ ಕಷ್ಟದ್ದನ್ನ ನಿಭಾಯಿಸೋ ಶಕ್ತಿನೂ ಕುಗ್ಗುತ್ತೆ. ನಲವತ್ತು ವರ್ಷ ಆದ್ಮೇಲೆ ಅದು ಅಕೌಂಟ್ಸ್ ಟೇಬಲ್ಲಿಗೆ ಬಂದಿದೆ. ಎಐ ಐವತ್ತು ಬಿಲ್ ತುಂಬಿಟ್ಟು "ಒಪ್ಪಿಗೆ" ಅಂತ ಒಂದು ನೀಲಿ ಬಟನ್ ಇಟ್ರೆ ಮೊದಲ ಹತ್ತು ಬಿಲ್ ಕಣ್ಣಿಟ್ಟು ನೋಡ್ತಾರೆ, ಎಲ್ಲ ಸರಿ ಇರುತ್ತೆ, ಹನ್ನೊಂದನೇದ್ರಿಂದ ಬೆರಳು ತಾನೇ ಹೋಗುತ್ತೆ. ಮೂವತ್ತೇಳನೇ ಬಿಲ್ಲಲ್ಲಿ 18,450 ಇರೋದು 78,450 ಆಗಿದ್ರೆ ಅದೂ ಒಪ್ಪಿಗೆ. ಇದಕ್ಕೆ ಆ ಅಕ್ಕನ ಗಮನ ಸಾಲದು ಅಂತ ಯಾರಾದ್ರೂ ಹೇಳಿದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ಮನುಷ್ಯರ ಗಮನ ಹಾಗೇ ಕೆಲಸ ಮಾಡೋದು, ತಪ್ಪು ಆ ಬಟನ್ನಿನದು.

ನಾವು ಕೊನೆಗೆ ಮಾಡಿದ್ದು ಹೀಗೆ, ನೀವೂ ಮಾಡಿ ನೋಡಿ. ಎಐ ಎಲ್ಲಾ ಖಾನೆ ತುಂಬಲಿ, ಟೋಟಲ್ ಒಂದನ್ನ ಮಾತ್ರ ತೋರಿಸ್ಬಾರ್ದು. ಬಳಸೋರು ಕಾಗದದ ಮೇಲಿರೋ ಟೋಟಲ್ ನೋಡಿ ನಂಬರ್ ಪ್ಯಾಡಲ್ಲಿ ತಾವೇ ಹೊಡೀತಾರೆ, ಯಂತ್ರ ತಾನು ಲೆಕ್ಕ ಹಾಕಿದ್ದಕ್ಕೆ ತಾಳೆ ನೋಡುತ್ತೆ, ತಾಳೆ ಆದ್ರೆ ಟಿಕ್ ಬಿದ್ದು ಮುಂದಿನ ಬಿಲ್ ಬರುತ್ತೆ. ಐದಾರು ಅಂಕಿ ಹೊಡೆಯೋ ಕೆಲಸ ಅಷ್ಟೇ, ಕೈ ನಂಬರ್ ಪ್ಯಾಡಲ್ಲೇ ಇದೆ, ಆದ್ರೆ ಬಿಲ್ ನೋಡ್ದೇನೇ ಮುಂದೆ ಹೋಗೋಕೆ ಆಗಲ್ಲ. ಅದು ಆ ಅಕ್ಕನ ಪೆನ್ಸಿಲ್ ಟಿಕ್ಕೇ. ಅವ್ರಿಗೆ ತೋರಿಸಿದಾಗ ನಾವು ವಿವರಿಸೋಕೆ ಮುಂಚೆನೇ ಅವ್ರಿಗೆ ಅರ್ಥ ಆಯ್ತು.

ಇದ್ರ ಜೊತೆಗೆ ಕ್ರಮಾನೂ ನೋಡಿ. ಬಿಲ್ ಬಂದ ಹೊತ್ತಿನ ಪ್ರಕಾರ ಜೋಡಿಸ್ಬೇಡಿ, ತಾಳೆ ಆಗದಿರೋದು, ಹೊಸ ಸಪ್ಲೈಯರ್, ಅದೇ ನಂಬರಿನ ಬಿಲ್ ಮೊದ್ಲೇ ಇರೋದು ಇವೆಲ್ಲ ಬೆಳಿಗ್ಗೆ ಮನಸ್ಸು ತಾಜಾ ಇರೋವಾಗ ಮೇಲೆ ಬರ್ಲಿ. ಆ ನೋಟ್‌ಬುಕ್ಕಿನ ವಿಷಯನೂ ಇಲ್ಲೇ ಸೇರ್ಸಿ, ಸಪ್ಲೈಯರ್ ಹೆಸರಿನ ಪಕ್ಕ ಹಿಂದಿನ ತಿಂಗಳುಗಳಲ್ಲಿ ಎಷ್ಟು ಬಿಲ್ 2ಬಿಯಲ್ಲಿ ಬರ್ಲಿಲ್ಲ ಅನ್ನೋದು ಕಂಡ್ರೆ ಪೇಮೆಂಟ್ ಮಾಡೋಕೆ ಮುಂಚೆ ಫೋನ್ ಮಾಡೋಕೆ ಅವ್ರಿಗೆ ಅನುಕೂಲ.

ದುಡ್ಡು ಹೋಗೋ ಬಟನ್

2020ರ ಆಗಸ್ಟ್ 11ರಂದು ಅಮೆರಿಕದ ಸಿಟಿಬ್ಯಾಂಕಲ್ಲಿ ನಡೆದಿದ್ದು ಈ ಕೆಲಸ ಮಾಡೋ ಪ್ರತಿಯೊಬ್ರಿಗೂ ಗೊತ್ತಿರ್ಬೇಕು. ರೆವ್ಲಾನ್ ಕಂಪನಿಯ ಸಾಲದ ಬಡ್ಡಿ ಸುಮಾರು 78 ಲಕ್ಷ ಡಾಲರ್ ಸಾಲ ಕೊಟ್ಟೋರಿಗೆ ಕಳಿಸ್ಬೇಕಿತ್ತು, ಹೋಗಿದ್ದು ಸುಮಾರು 90 ಕೋಟಿ ಡಾಲರ್. ಬ್ಯಾಂಕ್ ಬಳಸ್ತಿದ್ದ ಫ್ಲೆಕ್ಸ್‌ಕ್ಯೂಬ್ ಅನ್ನೋ ಸಾಫ್ಟ್‌ವೇರಲ್ಲಿ ಅಸಲು ಹೊರಗೆ ಹೋಗದೆ ಒಳಗಿನ ಖಾತೆಗೆ ತಿರುಗ್ಬೇಕು ಅಂದ್ರೆ ಮೂರು ಖಾನೆ ತುಂಬಬೇಕಿತ್ತು, ಅವ್ರು ತುಂಬಿದ್ದು ಒಂದನ್ನೇ. ಮೂರು ಜನ ನೋಡಿ ಒಪ್ಪಿಗೆ ಕೊಡೋ ಪದ್ಧತಿ ಇತ್ತು, ಮೂವರೂ ಸರಿ ಅಂದ್ಕೊಂಡೇ ಒಪ್ಪಿದ್ರು. ಸ್ಕ್ರೀನಲ್ಲಿ ಎಚ್ಚರಿಕೆನೂ ಬಂತು, ದುಡ್ಡು ಬ್ಯಾಂಕಿಂದ ಹೊರಗೆ ಹೋಗುತ್ತೆ ಮುಂದುವರಿಬೇಕಾ ಅಂತ, ಎಷ್ಟು ಹೋಗುತ್ತೆ ಅಂತ ಹೇಳ್ಲಿಲ್ಲ. ಬಡ್ಡಿ ಹೇಗಿದ್ರೂ ಹೊರಗೆ ಹೋಗ್ಬೇಕಿತ್ತಲ್ಲ, ಹಾಗಾಗಿ ಆ ಎಚ್ಚರಿಕೆ ಅವ್ರಿಗೆ ಸರಿಯಾಗೇ ಕಾಣ್ತು. ಸುಮಾರು 50 ಕೋಟಿ ಡಾಲರ್ ವಾಪಸ್ ಕೊಡಲ್ಲ ಅಂತ ಸಾಲ ಕೊಟ್ಟೋರು ಕೂತ್ರು, 2021ರ ಫೆಬ್ರವರಿಯಲ್ಲಿ ಕೋರ್ಟು ಅವ್ರ ಪರವಾಗೇ ಹೇಳ್ತು, 2022ರ ಸೆಪ್ಟೆಂಬರಲ್ಲಿ ಮೇಲ್ಮನವಿಯಲ್ಲಿ ಅದು ತಿರುಗ್ತು.

ಕನ್ಫರ್ಮ್ ಡಬ್ಬಿ ಬರೆಯೋವಾಗ ಇದನ್ನ ನೆನಪಿಟ್ಕೊಳ್ಳಿ. "ನಿಮಗೆ ಖಚಿತವೇ?" ಅಂತ ಕೇಳೋದ್ರಿಂದ ಯಾರಿಗೂ ಏನೂ ಗೊತ್ತಾಗಲ್ಲ. ಎಷ್ಟು ದುಡ್ಡು, ಯಾರಿಗೆ, ಯಾವಾಗ, ವಾಪಸ್ ತಗೋಬಹುದಾ, ಈ ನಾಲ್ಕು ಒಂದೇ ವಾಕ್ಯದಲ್ಲಿ ಬರ್ಬೇಕು: "14 ಸಪ್ಲೈಯರ್‌ಗಳಿಗೆ ಒಟ್ಟು ₹6,38,200 ಇವತ್ತು ಸಂಜೆ 5ಕ್ಕೆ ಹೋಗುತ್ತೆ, ಅಲ್ಲಿವರೆಗೂ ನಿಲ್ಲಿಸ್ಬಹುದು, ಆಮೇಲೆ ಆಗಲ್ಲ." ಹಿಂದಿನ ತಿಂಗಳಿಗಿಂತ ತುಂಬಾ ಜಾಸ್ತಿ ಇದ್ರೆ ಅದನ್ನೂ ಹೇಳಿ. ಬಟನ್ ಮೇಲೆ "ಓಕೆ" ಅಂತ ಬರೀಬೇಡಿ, "₹6,38,200 ಕಳಿಸಿ" ಅಂತ ಬರೀರಿ.

ಮುಂದೆ ಎಐ ಏಜೆಂಟ್‌ಗಳು ಬರ್ತಿವೆ, ಬಂದೂ ಆಗಿವೆ, ಅವು ತಾವೇ ಮೇಲ್ ಕಳಿಸ್ತಾವೆ, ತಾವೇ ಎಂಟ್ರಿ ಹಾಕ್ತಾವೆ. ಏಜೆಂಟ್‌ಗೆ ಏನು ಬಿಡ್ಬೇಕು ಏನು ಬಿಡ್ಬಾರ್ದು ಅನ್ನೋದಕ್ಕೆ ನಾನು ಒಂದೇ ಪ್ರಶ್ನೆ ಕೇಳ್ಕೊಳ್ತೀನಿ, ತಪ್ಪಾದ್ರೆ ಅದನ್ನ ವಾಪಸ್ ತಗೊಳ್ಳೋಕೆ ಎಷ್ಟು ಕಷ್ಟ. ಡ್ರಾಫ್ಟ್ ಎಂಟ್ರಿ ತಪ್ಪಾದ್ರೆ ಅಳಿಸ್ಬೋದು, ಹಾಗಾಗಿ ಕೇಳ್ದೇನೇ ಮಾಡ್ಲಿ. ಸಪ್ಲೈಯರ್‌ಗೆ ಮೇಲ್ ಹೋದ್ರೆ ಹೋಯ್ತು, ಬರೆದಿಟ್ಟು ತೋರಿಸ್ಲಿ, ಮನುಷ್ಯರು ಕಳಿಸ್ಲಿ. ಪೇಮೆಂಟು, 3ಬಿ ಫೈಲಿಂಗು ಇವೆರಡು ಒಂದ್ಸಲ ಆದ್ರೆ ಮುಗೀತು, 3ಬಿ ಅಂತೂ ಫೈಲ್ ಆದ್ಮೇಲೆ ತಿದ್ದೋಕೇ ಬರಲ್ಲ, ಸರಿ ಮಾಡೋದು ಮುಂದಿನ ರಿಟರ್ನಲ್ಲೇ, ಅಲ್ಲಿ ಏಜೆಂಟ್ ಲೆಕ್ಕ ಜೋಡಿಸಿ ಇಟ್ಟು ಕೈ ಕಟ್ಟಿ ನಿಲ್ಲಲಿ. ಸುಮ್ನಿದ್ರೆ ಏನಾಗುತ್ತೆ ಅನ್ನೋದನ್ನೂ ಕಾಣೋ ಹಾಗೆ ಬರೀರಿ. 2024ರ ಅಕ್ಟೋಬರಲ್ಲಿ ಜಿಎಸ್‌ಟಿ ಪೋರ್ಟಲ್ಲಿಗೆ ಬಂದ ಇನ್ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮಲ್ಲಿ ಬಿಲ್ಲನ್ನ ಒಪ್ಬೋದು, ತಿರಸ್ಕರಿಸ್ಬೋದು, ಪೆಂಡಿಂಗ್ ಇಡ್ಬೋದು, ಏನೂ ಮಾಡ್ದೇ ಬಿಟ್ರೆ ಒಪ್ಪಿದ ಹಾಗೆ. ಇದನ್ನ ತಿಳೀದೇ ನೋಡಿಲ್ಲ ಅಂದ್ರೆ ಏನೂ ಆಗಿಲ್ಲ ಅಂತ ಅಂದ್ಕೊಂಡಿದ್ದೋರನ್ನ ನಾನು ಕಂಡಿದೀನಿ.

ಯಾರ ಹೆಸರು ಬೀಳುತ್ತೆ

2023ರ ಏಪ್ರಿಲ್ 1ರಿಂದ ನಮ್ಮ ದೇಶದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರಲ್ಲಿ ಎಡಿಟ್ ಲಾಗ್ (ಯಾವಾಗ ಏನು ಬದಲಾಯ್ತು ಅನ್ನೋ ದಾಖಲೆ) ಇರ್ಲೇಬೇಕು, ಅದನ್ನ ಆಫ್ ಮಾಡೋಕೆ ಬರ್ಬಾರ್ದು ಅನ್ನೋ ನಿಯಮ ಇದೆ. ಸರಿ. ಆದ್ರೆ ಎಐ ಆ ಅಕ್ಕನ ಲಾಗಿನ್ನಲ್ಲಿ ಕೆಲಸ ಮಾಡಿದ್ರೆ ಲಾಗಲ್ಲಿ ಯಾರ ಹೆಸರು ಬೀಳುತ್ತೆ? ಅವ್ರದ್ದೇ. ಆಡಿಟರ್ ಬಂದು ಈ 78,450 ಯಾರು ಹಾಕಿದ್ದು ಅಂತ ತೆಗೆದ್ರೆ ಅವ್ರು ನೋಡೇ ಇಲ್ಲದ ಅಂಕಿಗೆ ಅವ್ರು ಉತ್ತರ ಕೊಡ್ಬೇಕು. ಸಂಬಳ ಹೆಚ್ಚಾಗದೆ, ಯಾರೂ ಕೇಳ್ದೆ, ಜವಾಬ್ದಾರಿ ಮಾತ್ರ ಅವ್ರ ತಲೆ ಮೇಲೆ ಬಂತು. ಇದನ್ನ ತಡೆಯೋದು ಡಿಸೈನರ್ ಕೈಯಲ್ಲಿದೆ. ಯಂತ್ರಕ್ಕೆ ಲಾಗಲ್ಲಿ ಬೇರೆ ಹೆಸರು ಕೊಡಿಸಿ, ಮತ್ತೆ ಆ ಲಾಗನ್ನ ಸಾಮಾನ್ಯ ಜನ ಓದೋ ಹಾಗೆ ಬರೆಸಿ: "ಎಐ ಓದಿದ್ದು 78,450, ಬೆಳಿಗ್ಗೆ 10:12. ಅಕೌಂಟ್ಸ್‌ನಿಂದ ಟೋಟಲ್ ಹೊಡೆದಿದ್ದು 18,450, ತಾಳೆ ಆಗ್ಲಿಲ್ಲ. ತಿದ್ದಿದ್ದು 10:14." ಇಂಥಾ ಲಾಗ್ ಇದ್ರೆ ಅದು ಅವ್ರಿಗೆ ರಕ್ಷಣೆ. ಅದೇ ಲಾಗನ್ನ ಯಾರು ಗಂಟೆಗೆ ಎಷ್ಟು ಬಿಲ್ ಹೊಡೆದ್ರು ಅಂತ ಮ್ಯಾನೇಜರ್ ಡ್ಯಾಶ್‌ಬೋರ್ಡಿಗೆ ಹಾಕೋಣ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಬೇಡ ಅನ್ನಿ, ವೇಗ ಅಳೀತಿದಾರೆ ಅಂತ ಗೊತ್ತಾದ ದಿನದಿಂದ ಯಾರೂ ಬಿಲ್ಲನ್ನ ಪಕ್ಕಕ್ಕೆ ಎತ್ತಿಟ್ಟು ಫೋನ್ ಮಾಡಿ ವಿಚಾರಿಸಲ್ಲ.

ಕನ್ನಡದಲ್ಲಿ ಸ್ಕ್ರೀನ್ ಮಾಡೋವಾಗ

ಗೋಡೌನಲ್ಲಿ ಮಾಲು ಇಳಿಸ್ಕೊಳ್ಳೋರಿಗೆ ಕನ್ನಡ ಸ್ಕ್ರೀನ್ ಬೇಕು, ಮೇಲಿನ ಅಕೌಂಟ್ಸಿಗೂ ಬೇಕಾಗ್ಬಹುದು, ಇಬ್ರ ಕನ್ನಡ ಒಂದೇ ಅಲ್ಲ. ಡೆಬಿಟ್, ಕ್ರೆಡಿಟ್, ಲೆಡ್ಜರ್, ಬಿಲ್ ಇವನ್ನ ಹಾಗೇ ಬಿಡಿ, ಅವು ಕನ್ನಡನೇ ಆಗೋಗಿವೆ, ನಿಘಂಟು ನೋಡಿ ಯಾವ್ದೋ ಸಂಸ್ಕೃತ ಪದ ಹಾಕಿದ್ರೆ ಯಾರಿಗೂ ತಿಳಿಯಲ್ಲ. ಗೋಡೌನಲ್ಲಿ "ಸರಕು ಸ್ವೀಕೃತಿ ದೃಢೀಕರಣ" ಬದ್ಲು "ಮಾಲು ಬಂತು" ಅಂತ ಬರೀರಿ, ಅವ್ರು ಫೋನಲ್ಲಿ ಹೇಳೋದೂ ಅದೇ. ಒತ್ತಕ್ಷರಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು, ಇಂಗ್ಲಿಷಿಗೆ ಅಳೆದು ಮಾಡಿದ ಬಟನ್ನಲ್ಲಿ ಒತ್ತಕ್ಷರದ ತಳ ಕತ್ತರಿಸೋಗುತ್ತೆ. ಅಂಕಿ ಲಕ್ಷ ಕೋಟಿ ಪ್ರಕಾರ ಅಲ್ಪವಿರಾಮ ಹಾಕಿರ್ಲಿ. ಗೋಡೌನ್ ಫೋನಲ್ಲಿ ಒತ್ತೋ ಜಾಗ ದೊಡ್ಡದಿರ್ಲಿ, 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಕನಿಷ್ಠ 24 ಪಿಕ್ಸೆಲ್ ಅನ್ನುತ್ತೆ, ಆಂಡ್ರಾಯ್ಡ್ ಸಲಹೆ 48, ಕೈಯಲ್ಲಿ ಗ್ರೀಸ್ ಮೆತ್ಕೊಂಡಿರೋರಿಗೆ 48ನೂ ಕಮ್ಮಿನೇ.

ಹುಡುಕಾಟಕ್ಕೆ ಜಾಸ್ತಿ ಗಮನ ಕೊಡಿ. ಮಂಜುನಾಥ ಟ್ರೇಡರ್ಸ್ ಅನ್ನೋದನ್ನ ಒಬ್ರು ಕನ್ನಡದಲ್ಲಿ ಹೊಡೀತಾರೆ, ಒಬ್ರು ಇಂಗ್ಲಿಷಲ್ಲಿ ಕೊನೆಗೆ ಎ ಹಾಕಿ, ಇನ್ನೊಬ್ರು ಎ ಹಾಕದೆ, ಮತ್ತೊಬ್ರು ಥಕ್ಕೆ ಎಚ್ ಬಿಟ್ಟು. ಮೂರು ಸಲ ಹುಡುಕಿ ಸಿಗ್ಲಿಲ್ಲ ಅಂದ್ರೆ ಹೊಸ ಸಪ್ಲೈಯರ್ ಅಂತ ಇನ್ನೊಂದು ಲೆಡ್ಜರ್ ತೆಗೀತಾರೆ, ಆಮೇಲೆ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗುತ್ತೆ. ಹೆಸರಿನ ಉಚ್ಚಾರಣೆ ಹಿಡ್ಕೊಂಡು ಎರಡೂ ಲಿಪಿಯಲ್ಲಿ ಹುಡುಕೋ ಹಾಗೆ ಮಾಡಿಸಿ, ಹೊಸ ಲೆಡ್ಜರ್ ತೆಗೆಯೋವಾಗ ಜಿಎಸ್‌ಟಿ ನಂಬರ್ ಮೊದ್ಲು ಕೇಳಿ. ಭಾಷೆಯ ವಿಷಯದಲ್ಲಿ ಎಐ ನಿಜವಾಗ್ಲೂ ಉಪಕಾರ ಮಾಡೋ ಜಾಗ ಇದು.

ಎಐ ಕಟ್ಟೋಕೆ ಮುಂಚೆ ಪರೀಕ್ಷೆ ಮಾಡಿ

1981ರಲ್ಲಿ ಸ್ವೀಡನ್ ಕಡೆ ಯುಟೋಪಿಯಾ ಅಂತ ಒಂದು ಪ್ರಾಜೆಕ್ಟ್ ಶುರುವಾಯ್ತು, ಪತ್ರಿಕೆಗಳ ಪ್ರೆಸ್ ಕೆಲಸಗಾರರ ಯೂನಿಯನ್ ಜೊತೆ ಸೇರಿ ಅವ್ರ ಮುಂದಿನ ಕಂಪ್ಯೂಟರ್ ಹೇಗಿರ್ಬೇಕು ಅಂತ ಅವ್ರನ್ನೇ ಕೂರ್ಸಿ ಮಾಡಿದ್ದು. ಮೇಜಿನ ಮೇಲಿಡೋ ಲೇಸರ್ ಪ್ರಿಂಟರ್ ಆಗಿನ್ನೂ ಬಂದಿರ್ಲಿಲ್ಲ, ಅದ್ರ ಬದ್ಲು ಒಂದು ರಟ್ಟಿನ ಡಬ್ಬ ಇಟ್ಕೊಂಡು ಕೆಲಸ ನಟಿಸಿ ನೋಡ್ತಿದ್ರು. ಅದೇ ಉಪಾಯ ಎಐಗೂ ನಡೆಯುತ್ತೆ. ಮಾಡೆಲ್ ರೆಡಿ ಆಗೋವರೆಗೂ ಕಾಯ್ಬೇಡಿ, ಪಕ್ಕದ ರೂಮಲ್ಲಿ ನಿಮ್ಮ ಟೀಮಿನೋರು ಒಬ್ರು ಕೂತು ಬಿಲ್ ನೋಡಿ ಖಾನೆ ತುಂಬಲಿ, ಬಳಸೋರಿಗೆ ಅದು ಯಂತ್ರ ತುಂಬಿದ ಹಾಗೇ ಕಾಣ್ಲಿ. ಹತ್ತು ಬಿಲ್ಲಿಗೆ ಒಂದ್ರಲ್ಲಿ ಬೇಕಂತಲೇ ತಪ್ಪು ಹಾಕಿ, ಅಂಕಿ ತಿರುಗಿಸಿ, ಸಪ್ಲೈಯರ್ ಬದ್ಲಾಯ್ಸಿ. ಎಲ್ಲ ನಕಲಿ ಬಿಲ್ಲುಗಳೇ ಆಗಿರ್ಲಿ, ಮತ್ತೆ ಮುಗಿದ ತಕ್ಷಣ ಹೇಳ್ಬಿಡಿ, ತಪ್ಪು ಹಾಕಿದ್ದು ನಾವು, ಪರೀಕ್ಷೆ ಸ್ಕ್ರೀನಿಗೆ ಮಾತ್ರ ಅಂತ, ಇಲ್ಲಾಂದ್ರೆ ಅವ್ರು ಮನೆಗೆ ಹೋಗಿ ಅದನ್ನೇ ಯೋಚಿಸ್ತಿರ್ತಾರೆ. ಎಷ್ಟು ಬೇಗ ಮುಗೀತು ಅನ್ನೋದನ್ನ ಎರಡನೇದಾಗಿ ನೋಡಿ, ಎಷ್ಟು ತಪ್ಪು ಕಣ್ಣಿಗೆ ಬಿತ್ತು ಅನ್ನೋದು ಮೊದಲು. ಐದು ಜನರ ಜೊತೆ ಕೂತ್ರೆ ಸ್ಕ್ರೀನಿನ ತೊಡಕುಗಳಲ್ಲಿ ಬಹುಪಾಲು ಸಿಕ್ಬಿಡುತ್ತೆ ಅಂತ ಯಾಕೋಬ್ ನೀಲ್ಸನ್ ಅನ್ನೋ ಸಾಫ್ಟ್‌ವೇರ್ ಬಳಕೆ ತಜ್ಞರು 2000ದಲ್ಲಿ ಬರೆದಿದ್ರು, ತೊಡಕು ಹುಡುಕೋಕೆ ಅದು ಸರಿ, ತಪ್ಪು ಎಷ್ಟು ಸಲ ಜಾರಿಹೋಗುತ್ತೆ ಅಂತ ತಿಳಿಯೋಕೆ ಐದು ಜನ ಸಾಲಲ್ಲ, ಇನ್ನೂ ಕೂರಿಸಿ.

ಕೊನೆಯದಾಗಿ ಬಿಡುಗಡೆ ತಾರೀಕು. 10ರಿಂದ 20ರ ಒಳಗೆ ಯಾವ ಕಾರಣಕ್ಕೂ ಹೊಸ ಸ್ಕ್ರೀನ್ ಬಿಡ್ಬೇಡಿ, ಮಾರ್ಚ್ ತಿಂಗಳಂತೂ ಬೇಡವೇ ಬೇಡ. 21ನೇ ತಾರೀಕಿಗೆ ಬಿಡಿ, ಹಳೇ ಎಂಟ್ರಿ ಸ್ಕ್ರೀನ್ ಒಂದು ಕೀ ಒತ್ತಿದ್ರೆ ಬರೋ ಹಾಗೆ ಕನಿಷ್ಠ ಎರಡು ತಿಂಗಳು ಇಟ್ಟಿರಿ, ಯಾರು ಯಾವ ಬಿಲ್ಲಿಗೆ ಹಳೇದಕ್ಕೆ ವಾಪಸ್ ಹೋದ್ರು ಅಂತ ಹೋಗಿ ಕೇಳಿ ಬರ್ಕೊಳ್ಳಿ. ಮುಂದಿನ ತಿಂಗಳು 14ಕ್ಕೆ 2ಬಿ ಬರೋ ದಿನ ಮತ್ತೆ ಅದೇ ಕುರ್ಚಿ ಹಾಕ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ, ಮಾನಿಟರಿಗೆ ಹೊಸ ಚೀಟಿ ಯಾವ್ದಾದ್ರೂ ಅಂಟಿದ್ಯಾ ನೋಡಿ, ಅದ್ರಲ್ಲಿ ಬರ್ದಿರೋದನ್ನ ಹಾಗೇ ಟೀಮಿಗೆ ತಗೊಂಡು ಬನ್ನಿ.